ನಮ್ಮ ಪಾದಕ್ಕೆ ತಕ್ಕ ಬೂಟು



ಸಂಜೆ ನಾವೆಲ್ಲ ಓದಲು ಕೂಡುತ್ತೇವೆ. ಪುಸ್ತಕ ತೆಗೆಯುವ ಮೊದಲು ಒಂದು ಮಾತು ಬರುತ್ತದೆ. "ಯವ್ವಾ, ಕಾಲು!" ದಿನವೆಲ್ಲ ಕಳೆ ತೆಗೆದ ಕಾಲು. ನೀರು ಹೊತ್ತ ಕಾಲು. ಒಲೆಯ ಮುಂದೆ ನಿಂತ ಕಾಲು. ಆ ಕಾಲಿನ ಬಗ್ಗೆ ಇಂದು ಓದೋಣ.

ಸುರೇಬಾನದ ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾಳೆ. ವಯಸ್ಸು ನಲವತ್ತು ದಾಟಿದೆ. ಹೊಲದ ಕೂಲಿಗೆ ಹೋಗುತ್ತಾಳೆ. ಒಂದು ದಿನ ಕುಂಟುತ್ತ ಓದಲು ಬಂದಳು.

"ಯಾಕ ಅಕ್ಕಾ, ಕುಂಟತೀ?"

"ಅಂಗಾಲು ಉರೀತೈತ್ರಿ ಟೀಚರ್. ಹರಡಿನ ಒಳಗಡೆ ಬ್ಯಾನಿ. ನನ್ನ ಕಾಲು ಮೊದಲಿಂದ ಸಪಾಟ ಅದಾವು. ಮದುವಿ ಆಗಿ ಬಂದಾಗ ಮನ್ಯಾಗಿನ ಎಮ್ಮಿ ಸತ್ತಿತು. ಸಪಾಟ ಕಾಲಿನಾಕಿ, ಕಾಲ್ಗುಣ ಛಲೋ ಇಲ್ಲ ಅಂದ್ರು. ಇವತ್ತಿಗೂ ಅಂತಾರ."

ಎಮ್ಮೆ ಸತ್ತದ್ದು ರೋಗದಿಂದ. ಅಕ್ಕನ ಪಾದಕ್ಕೂ ಎಮ್ಮೆಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಆ ಮಾತು ಇಪ್ಪತ್ತು ವರ್ಷ ಅವಳ ಬಾಯಿ ಕಟ್ಟಿತ್ತು. ನೋವು ಇದೆ ಎಂದು ಹೇಳಲೂ ಅವಳಿಗೆ ನಾಚಿಕೆ.

ಪಾದದ ಕಮಾನು

ನಮ್ಮ ಒಂದು ಪಾದದಲ್ಲಿ 26 ಎಲುಬುಗಳಿವೆ. ಎರಡೂ ಪಾದ ಸೇರಿ 52. ಈ ಎಲುಬುಗಳನ್ನು ನಾರಿನಂಥ ಪಟ್ಟಿಗಳು ಬಿಗಿದು ಕಟ್ಟಿವೆ. ಪಾದದ ಒಳಬದಿ ನೆಲಕ್ಕೆ ತಾಗುವುದಿಲ್ಲ. ಬಾಗಿಲ ಕಮಾನಿನಂತೆ ಮೇಲೆ ಎದ್ದಿರುತ್ತದೆ. ಹಬ್ಬದ ದಿನ ಹೊಸ್ತಿಲಲ್ಲಿ ನಾವು ಲಕ್ಷ್ಮಿ ಪಾದ ಬರೆಯುತ್ತೇವೆ. ಅದರ ನಡು ಸಣ್ಣಗೆ ಇರುತ್ತದಲ್ಲ? ಅದೇ ಕಮಾನಿನ ಜಾಗ.

ಲಾರಿಯ ಕೆಳಗೆ ಕಮಾನು ಪಾಟಾ ಇರುತ್ತದೆ. ಗಾಡಿ ಕುಣಿಗೆ ಬಿದ್ದಾಗ ಅದು ಬಾಗುತ್ತದೆ, ಮತ್ತೆ ಏಳುತ್ತದೆ. ಪಾದದ ಕಮಾನಿನ ಕೆಲಸವೂ ಇದೇ. ಮೈಭಾರ ಬಿದ್ದಾಗ ತುಸು ಬಾಗಿ ಪೆಟ್ಟು ತಡೆಯುತ್ತದೆ.

ಕೆಲವರಿಗೆ ಈ ಕಮಾನು ಬಹಳ ಕಡಿಮೆ. ಅಂಗಾಲು ಪೂರಾ ನೆಲಕ್ಕೆ ಹತ್ತುತ್ತದೆ. ಇದೇ ಚಪ್ಪಟೆ ಪಾದ. ನಡೆಯುವಾಗ ಪಾದ ಒಳಕ್ಕೆ ವಾಲುತ್ತದೆ. ಆಗ ಅಂಗಾಲು, ಹರಡು, ಮೀನಖಂಡ ನೋಯಬಹುದು. ಮೊಣಕಾಲೂ ನೋಯಬಹುದು.

ಮನೆಯಲ್ಲೇ ನೋಡಿಕೊಳ್ಳೋಣ

ಅಂಗಾಲು ಒದ್ದೆ ಮಾಡಿಕೊಳ್ಳಿ. ಒಣಗಿದ ಕಲ್ಲಿನ ನೆಲದ ಮೇಲೆ ನಿಂತು ಪಕ್ಕಕ್ಕೆ ಸರಿಯಿರಿ. ಹೆಜ್ಜೆಯ ಗುರುತು ನೋಡಿ.

ನಡು ಅರ್ಧದಷ್ಟು ಮೂಡಿದರೆ ಕಮಾನು ಸರಿಯಾಗಿದೆ.
ನಡು ಪೂರಾ ಮೂಡಿದರೆ ಪಾದ ಚಪ್ಪಟೆ.
ನಡು ಮೂಡದೇ ಹೋದರೆ ಕಮಾನು ಬಹಳ ಎತ್ತರ.

ಇನ್ನೊಂದು ಪರೀಕ್ಷೆ. ಗೋಡೆ ಹಿಡಿದು ತುದಿಗಾಲ ಮೇಲೆ ನಿಲ್ಲಿ. ಮಗಳಿಗೆ ಹಿಂದಿನಿಂದ ನೋಡಲು ಹೇಳಿ. ಆಗ ಕಮಾನು ಎದ್ದು ಕಂಡರೆ ಅದು ಮೆದು ಚಪ್ಪಟೆ ಪಾದ. ಹೆಚ್ಚಿನವರದು ಇದೇ. ಸೈನ್ಯದ ಭರ್ತಿಗೆ ಹೋದ ಹುಡುಗರನ್ನು ಕೇಳಿ. ಅಲ್ಲಿಯೂ ಡಾಕ್ಟರು ಹೀಗೆ ತುದಿಗಾಲ ಮೇಲೆ ನಿಲ್ಲಿಸಿ ನೋಡುತ್ತಾರೆ.

ಒಂದು ಮಾತು ನೆನಪಿರಲಿ. ಪಾದ ಚಪ್ಪಟೆ ಇದೆ, ಆದರೆ ನೋವಿಲ್ಲ ಎಂದರೆ ಅದು ರೋಗವಲ್ಲ. ಚಿಕಿತ್ಸೆ ಬೇಡ. ನೋವು ಇದ್ದರೆ ಮಾತ್ರ ಉಪಾಯ ಬೇಕು.

ಇದು ಯಾಕೆ ಆಗುತ್ತದೆ?

ಕೂಸುಗಳ ಪಾದ ಎಲ್ಲವೂ ಚಪ್ಪಟೆಯೇ. ಮಗು ನಡೆದು, ಓಡಿ, ಬೆಳೆದಂತೆ ಕಮಾನು ಏಳುತ್ತದೆ. ಕೆಲವರಿಗೆ ಏಳುವುದೇ ಇಲ್ಲ. ಅದು ತಾಯಿ ತಂದೆಯ ಕಡೆಯಿಂದಲೂ ಬಂದಿರಬಹುದು.

ಇನ್ನು ಕೆಲವರಿಗೆ ನಲವತ್ತು ದಾಟಿದ ಮೇಲೆ ಕಮಾನು ಕುಸಿಯುತ್ತದೆ. ಹರಡಿನ ಒಳಬದಿ ಒಂದು ಗಟ್ಟಿ ನರ ಇದೆ ಅನ್ನುತ್ತೇವಲ್ಲ, ಅದು ನರ ಅಲ್ಲ, ಸ್ನಾಯುವಿನ ಹುರಿ. ಅದೇ ಕಮಾನನ್ನು ಎತ್ತಿ ಹಿಡಿಯುತ್ತದೆ. ಆ ಹುರಿ ಸೋತಾಗ ಕಮಾನು ಇಳಿಯುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೈಭಾರ, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇದ್ದವರಲ್ಲಿ ಇನ್ನೂ ಹೆಚ್ಚು.

ಅಂದರೆ ಇದು ಎಲುಬು ಮತ್ತು ಹುರಿಯ ಮಾತು. ಕಾಲ್ಗುಣದ ಮಾತಲ್ಲ.

ಮಕ್ಕಳಿಗೆ ಬೂಟು ಬೇಕೇ?

ನಮ್ಮ ರಾಜ್ಯದ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಡಾಕ್ಟರು ರಾವ್ ಮತ್ತು ಡಾಕ್ಟರು ಬೆಂಜಮಿನ್ ಜೋಸೆಫ್ 2300 ಮಕ್ಕಳ ಹೆಜ್ಜೆಯ ಗುರುತು ತೆಗೆದು ನೋಡಿದರು. ಮಕ್ಕಳ ವಯಸ್ಸು 4ರಿಂದ 13. ಫಲ 1992ರಲ್ಲಿ ಅಚ್ಚಾಯಿತು.

ಏನು ಕಂಡಿತು? ಮೆಟ್ಟು ಹಾಕುವ ಸಾವಿರ ಮಕ್ಕಳಲ್ಲಿ 86 ಮಕ್ಕಳ ಪಾದ ಚಪ್ಪಟೆ. ಬರಿಗಾಲಲ್ಲಿ ತಿರುಗುವ ಸಾವಿರ ಮಕ್ಕಳಲ್ಲಿ ಬರೀ 28. ಬೆರಳು ಮುಚ್ಚುವ ಬೂಟು ಹಾಕುವ ಮಕ್ಕಳಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ.

ಇದರಿಂದ ಎರಡು ಪಾಠ. ಒಂದು, ಸಣ್ಣ ಮಕ್ಕಳು ಸ್ವಚ್ಛ ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ. ಕಮಾನು ಬರಲೆಂದು ದುಬಾರಿ ಬೂಟು ತರಬೇಡಿ. ಆದರೆ ಶೌಚಕ್ಕೆ, ಕೆಸರಿಗೆ, ಗೊಬ್ಬರದ ಕುಣಿಯ ಹತ್ತಿರ ಹೋಗುವಾಗ ಚಪ್ಪಲಿ ಬೇಕೇ ಬೇಕು. ಕೊಕ್ಕೆ ಹುಳು ಬರಿಗಾಲಿನ ಚರ್ಮದಿಂದ ಒಳಗೆ ಹೋಗುತ್ತದೆ.

ಎರಡು, ಬೂಟು ಹೊಸ ಕಮಾನು ಕಟ್ಟಿ ಕೊಡುವುದಿಲ್ಲ. ನೋವಿದ್ದ ದೊಡ್ಡವರ ಪಾದಕ್ಕೆ ಅದು ಊರುಗೋಲು ಇದ್ದಂತೆ. ಆಸರೆ ಕೊಡುತ್ತದೆ, ಪೆಟ್ಟು ತಡೆಯುತ್ತದೆ.

ಸೀರೆಗೆ ಬೂಟೇನ?

ನಮ್ಮ ಅಕ್ಕನ ಕಥೆಗೆ ಬರೋಣ. ಅವಳ ಮಗ ಪೊಲೀಸ್ ಭರ್ತಿಗೆಂದು ಓಡುವ ಬೂಟು ತಂದಿದ್ದ. ಹಳೆಯದಾದ ಮೇಲೆ ಬಿಟ್ಟ. ಒಂದು ದಿನ ಅಕ್ಕ ಅದನ್ನು ಹಾಕಿಕೊಂಡು ಹೊಲಕ್ಕೆ ಹೋದಳು. ಸಂಜೆಗೆ ನೋವು ಕಡಿಮೆ ಇತ್ತು. ಆದರೆ ದಾರಿಯಲ್ಲಿ ನಕ್ಕರು.

"ಸೀರಿ ಮ್ಯಾಲ ಬೂಟೇನಬೇ? ಓಡಾಕ ಹೊಂಟಿಯೇನು?"

ಮರುದಿನ ಅವಳು ಮತ್ತೆ ಸವೆದ ಹವಾಯಿ ಚಪ್ಪಲಿ ಹಾಕಿದಳು.

ನಾವು ಅವಳಿಗೆ ಹೇಳಿದೆವು. "ಅಕ್ಕಾ, ಕಾಲು ನಿನ್ನದು. ನಗುವವರು ಬಂದು ನಿನ್ನ ಬ್ಯಾನಿ ತಗೋಳ್ಳೋದಿಲ್ಲ. ಆದರ ಮಗನ ಬೂಟು ಬ್ಯಾಡ. ಅದು ಅವನ ಕಾಲಿಗೆ ಸವೆದೈತಿ. ನಿನ್ನ ಅಳತೀದು ನೀನು ತಗೋ."

"ರೊಕ್ಕ?" ಎಂದಳು. ಹಲಗೆಯ ಮೇಲೆ ಲೆಕ್ಕ ಬರೆದೆವು. ಕಾಲು ನೋವಿನಿಂದ ಅವಳಿಗೆ ತಿಂಗಳಿಗೆ ನಾಲ್ಕು ದಿನದ ಕೂಲಿ ತಪ್ಪುತ್ತಿತ್ತು. ಮೂರು ತಿಂಗಳಿಗೆ ಹನ್ನೆರಡು ದಿನ. ಲೆಕ್ಕ ನೋಡಿ ಅಕ್ಕ ಸುಮ್ಮನಾದಳು. ಆಮೇಲೆ "ನಡೀರಿ, ಹೋಗೂಣು" ಅಂದಳು.

ಅಂಗಡಿಯಲ್ಲಿ ಏನು ನೋಡಬೇಕು?

ಪೇಟೆಯ ಒಂದು ಅಂಗಡಿಯಲ್ಲಿ ಹೂವಿನ ಬಣ್ಣದ ತೆಳು ಬೂಟು ತೋರಿಸಿದರು. "ಲೇಡೀಸಿಗೆ ಇದ ಸಾಕ್ರಿ" ಎಂದರು. ನಾವು ಕೈಯಲ್ಲಿ ಹಿಡಿದು ಬಾಗಿಸಿದೆವು. ಬಿಸಿ ರೊಟ್ಟಿಯಂತೆ ನಡುವಿಗೆ ಮಡಚಿತು. ಬೇಡವೆಂದು ಕೆಳಗೆ ಇಟ್ಟೆವು. ಹೀಗೆ ಕೈಯಿಂದಲೇ ಪರೀಕ್ಷೆ ಮಾಡಬಹುದು.

1. ಹಿಮ್ಮಡದ ಪರೀಕ್ಷೆ: ಬೂಟಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಅದು ಗಟ್ಟಿಯಾಗಿರಬೇಕು. ಒಳಕ್ಕೆ ಕುಸಿಯಬಾರದು. ಗಟ್ಟಿ ಇದ್ದರೆ ಹಿಮ್ಮಡ ವಾಲದಂತೆ ಹಿಡಿಯುತ್ತದೆ.

2. ಬಾಗಿಸುವ ಪರೀಕ್ಷೆ: ಮುಂದೆ ಹಿಂದೆ ಹಿಡಿದು ಬಾಗಿಸಿ. ಬೆರಳು ಬಾಗುವ ಜಾಗದಲ್ಲಿ ಮಾತ್ರ ಬಾಗಬೇಕು. ನಡುವೆ ಮಡಚಬಾರದು. ಕಟಕ ರೊಟ್ಟಿಯಂತೆ ಎಲ್ಲೂ ಬಾಗದೇ ಇದ್ದರೂ ಬೇಡ.

3. ಹಿಂಡುವ ಪರೀಕ್ಷೆ: ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿದರೆ ಆಸರೆ ಇಲ್ಲ ಎಂದು ತಿಳಿಯಿರಿ.

4. ಒಳಗಿನ ಪರೀಕ್ಷೆ: ಬೂಟಿನ ಒಳಗೆ ಕೈ ಹಾಕಿ. ಒಳಬದಿಯ ನಡುವೆ ಸಣ್ಣ ದಿಬ್ಬ ಇರಬೇಕು. ಅದೇ ಕಮಾನಿಗೆ ಆಸರೆ.

5. ಮೆತ್ತೆಯ ಪರೀಕ್ಷೆ: ಹಿಮ್ಮಡದ ಕೆಳಗೆ ಮೆತ್ತೆ ಬೇಕು. ಆದರೆ ಹಿಟ್ಟಿನ ಮುದ್ದೆಯಂತೆ ಇಳಿಯುವ ಮೆತ್ತೆ ಬೇಡ. ಅದರಲ್ಲಿ ಪಾದ ಇನ್ನೂ ವಾಲುತ್ತದೆ.

ಅಳತೆಯ ಮಾತು ಹೀಗೆ. ಬೂಟನ್ನು ಸಂಜೆ ಕೊಳ್ಳಿ. ದಿನವೆಲ್ಲ ನಡೆದ ಪಾದ ತುಸು ಊದಿರುತ್ತದೆ. ಕಾಲುಚೀಲ ಹಾಕಿಯೇ ನೋಡಿ. ಎರಡೂ ಕಾಲಿಗೆ ಹಾಕಿ ನಿಲ್ಲಿ. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಅಗಲದ ಜಾಗ ಇರಲಿ. ಬದಿಗೆ ಬೆರಳು ಒತ್ತಬಾರದು. ಅಂಗಡಿಯಲ್ಲಿ ಹತ್ತು ಹೆಜ್ಜೆ ನಡೆಯಿರಿ. "ಮುಂದ ಸಡಿಲ ಆಗತೈತಿ" ಎಂಬ ಮಾತು ನಂಬಬೇಡಿ. ಮೊದಲ ದಿನವೇ ಹಿತವಾಗಿರಬೇಕು.

ನಮ್ಮಲ್ಲಿ ಹಲವರ ಪಾದ ಮುಂದೆ ಅಗಲ. ಹೆಂಗಸರ ಬೂಟು ಬಿಗಿಯಾದರೆ ಗಂಡಸರ ಬೂಟು ಕೇಳಿ. ಅದು ಅಗಲ ಇರುತ್ತದೆ. ಲೇಸು ಕಟ್ಟುವ ಬೂಟು ಒಳ್ಳೆಯದು. ಬೇಕಾದಷ್ಟು ಬಿಗಿ ಮಾಡಿಕೊಳ್ಳಬಹುದು.

ಈಗ ನಮಗೆ ಓದು ಬರುತ್ತದೆ. ಡಬ್ಬಿಯ ಮೇಲಿನ ಅಂಕಿ ಓದಿ. ನಂಬರು ಎಷ್ಟು? ಎಂ.ಆರ್.ಪಿ. ಎಷ್ಟು? ಅದಕ್ಕಿಂತ ಹೆಚ್ಚು ಕೊಡಬೇಕಿಲ್ಲ. ರಸೀದಿ ಕೇಳಿ ಪಡೆಯಿರಿ. ದೊಡ್ಡ ಹೆಸರಿನ ಬೂಟೇ ಬೇಕೆಂದಿಲ್ಲ. ಐದು ಪರೀಕ್ಷೆಯಲ್ಲಿ ಪಾಸಾದರೆ ಸಾಕು.

ಚಪ್ಪಲಿ ಹಾಕುವವರಿಗೆ

ಮಳೆಗಾಲದ ಎರೆ ಮಣ್ಣಿನಲ್ಲಿ ಬೂಟು ನಡೆಯುವುದಿಲ್ಲ. ಮಣ್ಣು ಮೆತ್ತಿ ಭಾರವಾಗುತ್ತದೆ. ಆಗ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಒಳಗೆ ಕಮಾನಿನ ದಿಬ್ಬ ಇರಲಿ.

ನಮ್ಮ ಜಿಲ್ಲೆಯ ಅಥಣಿಯಲ್ಲಿ ಚಂದದ ಕೊಲ್ಲಾಪುರಿ ಚಪ್ಪಲಿ ಮಾಡುತ್ತಾರೆ. ಅದರ ಹೊಲಿಗೆ, ಹೆಣಿಗೆಯಲ್ಲಿ ಹೆಣ್ಣುಮಕ್ಕಳ ಕೈ ಇದೆ. ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದು ನಮ್ಮ ಹೆಮ್ಮೆ. ಆದರೆ ಅದರ ತಳ ಸಪಾಟ ಮತ್ತು ಬಿರುಸು. ಚಪ್ಪಟೆ ಪಾದ ನೋಯುವವರು ಮದುವೆ, ಹಬ್ಬಕ್ಕೆ ಅದನ್ನು ಹಾಕಲಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ದಿನ ಬೂಟು ಹಾಕಲಿ. ಗುಡಿಯ ಹೊರಗೆ ಬಿಟ್ಟರಾಯಿತು.

ಹವಾಯಿ ಚಪ್ಪಲಿ ತೆಳುವಾಗಿ ಸವೆದರೆ ಬಿಟ್ಟು ಬಿಡಿ. ಬೂಟೂ ಅಷ್ಟೇ. ತಳ ಒಂದು ಬದಿಗೆ ಸವೆದು ವಾಲಿದರೆ ಅದರ ಕೆಲಸ ಮುಗಿಯಿತು.

ದಿನಾ ಮಾಡುವ ಮೂರು ಕೆಲಸ

ಒಂದು, ಕುಳಿತು ನೆಲದ ಮೇಲೆ ಹಳೆ ಬಟ್ಟೆ ಹಾಸಿ. ಕಾಲ್ಬೆರಳಿನಿಂದ ಅದನ್ನು ಎಳೆದುಕೊಳ್ಳಿ. ಹತ್ತು ಸಲ.

ಎರಡು, ಗೋಡೆ ಹಿಡಿದು ಹಿಮ್ಮಡ ನಿಧಾನ ಎತ್ತಿ, ನಿಧಾನ ಇಳಿಸಿ. ಹತ್ತು ಸಲ.

ಮೂರು, ಒಂದು ಕಾಲು ಹಿಂದೆ ಇಟ್ಟು ಹಿಮ್ಮಡ ನೆಲಕ್ಕೆ ಊರಿ ಗೋಡೆಗೆ ಬಾಗಿ. ಮೀನಖಂಡ ಎಳೆದಂತಾಗಬೇಕು. ಮೂವತ್ತು ಎಣಿಸಿ.

ನೋವು ಹೆಚ್ಚಾದರೆ ನಿಲ್ಲಿಸಿ.

ಡಾಕ್ಟರ ಹತ್ತಿರ ಯಾವಾಗ?

ಒಂದೇ ಪಾದ ಹೊಸದಾಗಿ ಚಪ್ಪಟೆಯಾದರೆ. ಹರಡಿನ ಒಳಬದಿ ಬಾವು ಬಂದರೆ. ಒಂಟಿಗಾಲಿನಲ್ಲಿ ಹಿಮ್ಮಡ ಎತ್ತಲು ಬಾರದಿದ್ದರೆ. ಮಗು ಕಾಲು ನೋವೆಂದು ಅತ್ತರೆ, ಅಥವಾ ತುದಿಗಾಲಲ್ಲಿ ನಿಂತರೂ ಅದರ ಕಮಾನು ಏಳದಿದ್ದರೆ. ಆಗ ತಡ ಮಾಡಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೇಕಾದರೆ ಅವರು ಎಲುಬಿನ ಡಾಕ್ಟರ ಕಡೆಗೆ ಕಳಿಸುತ್ತಾರೆ.

ಸಕ್ಕರೆ ಕಾಯಿಲೆ ಇದ್ದವರಿಗೆ ವಿಶೇಷ ಮಾತು. ಪಾದ ಜೋಮು ಹಿಡಿದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ನಡೆಯಬೇಡಿ. ದಿನಾ ಅಂಗಾಲು ನೋಡಿಕೊಳ್ಳಿ. ಬೂಟು ಹಾಕುವ ಮೊದಲು ಒಳಗೆ ಕೈ ಆಡಿಸಿ, ಹರಳು ಇದ್ದರೆ ತೆಗೆಯಿರಿ.

ಈಗ ಅಕ್ಕ ಹೇಗಿದ್ದಾಳೆ?

ಅಕ್ಕ ಈಗಲೂ ಹೊಲಕ್ಕೆ ಹೋಗುತ್ತಾಳೆ. ನೋವು ಪೂರಾ ಹೋಗಿಲ್ಲ, ಕಡಿಮೆಯಾಗಿದೆ. ಕೂಲಿ ತಪ್ಪುವುದು ನಿಂತಿದೆ. ಮೊದಲು ನಕ್ಕಿದ್ದ ಒಬ್ಬಾಕೆ ಮೊನ್ನೆ ಅವಳನ್ನು ಮೆಲ್ಲಗೆ ಕೇಳಿದಳಂತೆ. "ಎಷ್ಟ ನಂಬರಬೇ ನಿಂದು?"

ಕಳೆದ ವಾರ ಅಕ್ಕನ ಸೊಸೆ ಮನೆ ತುಂಬಿ ಬಂದಳು. ಅವಳ ಪಾದವೂ ಚಪ್ಪಟೆ. ಯಾರೋ ಪಿಸುಗುಟ್ಟಿದರು. ಅಕ್ಕ ಗಟ್ಟಿಯಾಗಿ ಹೇಳಿದಳು. "ಕಾಲ್ಗುಣ ಗೀಲ್ಗುಣ ಏನಿಲ್ಲ. ಬಾರವ್ವಾ ಒಳಗ."

ಓದಿ, ಉತ್ತರ ಹೇಳಿ

1. ಒಂದು ಪಾದದಲ್ಲಿ ಎಷ್ಟು ಎಲುಬುಗಳಿವೆ?
2. ಬೂಟನ್ನು ಸಂಜೆ ಯಾಕೆ ಕೊಳ್ಳಬೇಕು?
3. ಬೂಟು ಎಲ್ಲಿ ಬಾಗಬೇಕು? ಎಲ್ಲಿ ಬಾಗಬಾರದು?
4. ನಿಮ್ಮ ಓಣಿಯಲ್ಲಿ ಕಾಲ್ಗುಣದ ಮಾತು ಕೇಳಿದ್ದೀರಾ? ಎಲ್ಲರೂ ಕೂಡಿ ಮಾತಾಡಿ.

ಮಾಡಿ, ಬರೆಯಿರಿ

ಹಾಳೆಯ ಮೇಲೆ ನಿಂತು ನಿಮ್ಮ ಪಾದದ ಸುತ್ತ ಗೆರೆ ಎಳೆಯಿರಿ. ಹಿಮ್ಮಡದಿಂದ ಉದ್ದ ಬೆರಳಿನ ತನಕ ಅಳೆಯಿರಿ. ಎಷ್ಟು ಸೆಂಟಿಮೀಟರ್? ಅಂಕಿಯಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಪೇಟೆಗೆ ಹೋಗುವಾಗ ಈ ಹಾಳೆ ಜೊತೆಗೆ ಇರಲಿ.

ಪದಗಳ ಅರ್ಥ

ಕಮಾನು – ಬಿಲ್ಲಿನಂತೆ ಬಾಗಿದ ಆಕಾರ
ಹರಡು – ಪಾದ ಮತ್ತು ಕಾಲು ಕೂಡುವ ಕೀಲು
ಮೀನಖಂಡ – ಮೊಣಕಾಲ ಕೆಳಗಿನ ಹಿಂಬದಿಯ ಮಾಂಸ
ಆಸರೆ – ಆಧಾರ
ಜೋಮು – ಸ್ಪರ್ಶ ತಿಳಿಯದಿರುವುದು