ನಾಯಿಮರಿಯ ರಾತ್ರಿ: ಪೆಟ್ಟಿಗೆಯಿಂದ ಪರಸಿಗೆ

ನಾಯಿಮರಿಯೊಂದನ್ನು ಮನೆಗೆ ತಂದವರು ಮೊದಮೊದಲು ಅದನ್ನು ರಾತ್ರಿಯ ಹೊತ್ತು ಮರದ ಪೆಟ್ಟಿಗೆಯಲ್ಲಿಯೋ ಕಂಬಿಯ ಗೂಡಿನಲ್ಲಿಯೋ ಮಲಗಿಸುವುದುಂಟು. ಅಲ್ಲಿಂದ ಅದನ್ನು ಹೊರಕ್ಕೆ ತಂದು ಮನೆಯೊಳಗೆ ಸ್ವತಂತ್ರವಾಗಿ ಮಲಗಗೊಡುವುದು ಎಂದಿಗೆ? ಮರಿ ಅತ್ತಿತೆಂದು ಎರಡನೆಯ ರಾತ್ರಿಯೇ ಹೊರಗೆ ಬಿಡುವವರುಂಟು. ಶಿಸ್ತಿನ ಹೆಸರಿನಲ್ಲಿ ವರ್ಷವಿಡೀ ಕೂಡಿಹಾಕುವವರೂ ಉಂಟು. ಈ ಎರಡರಿಂದಲೂ ಮರಿಗೆ ಕೇಡಾಗಬಹುದು. ಕೆಲವೊಮ್ಮೆ ಅದರ ಪ್ರಾಣಕ್ಕೇ ಕುತ್ತು ಬರಬಹುದು. ಪ್ರಶ್ನೆಗೆ ಉತ್ತರವನ್ನು ಮರಿಯ ವಯಸ್ಸಿನಲ್ಲಿ ಮಾತ್ರ ಹುಡುಕಿದರೆ ಸಾಲದು; ಅದು ಮಲಗುವ ನೆಲವನ್ನೂ ಋತುವನ್ನೂ ಕೂಡಿಯೇ ವಿಚಾರಿಸಬೇಕು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಸಣ್ಣ ದೇಹ, ದೊಡ್ಡ ಮೇಲ್ಮೈ

ಬೆಳೆದ ನಾಯಿಯ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಆಗತಾನೆ ಹುಟ್ಟಿದ ಮರಿಗೆ ಈ ಉಷ್ಣತೆಯನ್ನು ತಾನಾಗಿ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ದಿನಗಳಲ್ಲಿ ಅದಕ್ಕೆ ನಡುಗಲು ಕೂಡ ಬಾರದು. ತಾಯಿಯ ಮೈಯೂ ಒಡಹುಟ್ಟಿದ ಮರಿಗಳ ಗುಂಪೂ ಅದಕ್ಕೆ ಒಲೆಯಾಗಿರುವುವು. ಸುಮಾರು 4 ವಾರ ಕಳೆದ ಮೇಲೆ ಈ ಶಕ್ತಿ ತಕ್ಕಮಟ್ಟಿಗೆ ಬರುತ್ತದೆ. 8 ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದೆಂಬ ಮಾತಿಗೆ ಇರುವ ಕಾರಣಗಳಲ್ಲಿ ಇದೂ ಒಂದು.

ಆ ಮೇಲೆಯೂ ರೇಖಾಗಣಿತ ಮರಿಗೆ ಪ್ರತಿಕೂಲವಾಗಿಯೇ ಇದೆ. ನಮ್ಮ ರಾಜ್ಯದ ಮುಧೋಳ ತಳಿಯನ್ನೇ ತೆಗೆದುಕೊಳ್ಳೋಣ. 24 ಕಿಲೋಗ್ರಾಂ ತೂಗುವ ಬೆಳೆದ ನಾಯಿ 3 ಕಿಲೋಗ್ರಾಂ ತೂಗುವ ಮರಿಯ ಎಂಟರಷ್ಟಿದೆ. ಎರಡರ ಆಕಾರವೂ ಒಂದೇ ಬಗೆಯದೆಂದು ಭಾವಿಸಿದರೆ, ಉದ್ದ ಎರಡರಷ್ಟು, ಮೇಲ್ಮೈ ನಾಲ್ಕರಷ್ಟು ಮಾತ್ರ. ಎಂದರೆ, ಒಂದೊಂದು ಕಿಲೋಗ್ರಾಮಿಗೂ ಮರಿಯ ಮೇಲ್ಮೈ ದೊಡ್ಡ ನಾಯಿಯದಕ್ಕಿಂತ ಇಮ್ಮಡಿ. ಶಾಖ ಹೊರಬೀಳುವುದು ಮೇಲ್ಮೈಯ ಮೂಲಕವೇ ಆದುದರಿಂದ ಮರಿ ಬೇಗ ತಣಿಯುತ್ತದೆ. ಚಳಿಯಲ್ಲಿ ಅದು ಚಕ್ಕುಲಿಯಂತೆ ಸುತ್ತಿಕೊಂಡು ಮಲಗುವುದು ಮೇಲ್ಮೈಯನ್ನು ಕುಗ್ಗಿಸುವುದಕ್ಕಾಗಿ. ಸೆಕೆಯಲ್ಲಿ ಕೈಕಾಲು ಚಾಚಿ ಬೀಳುವುದು ಅದನ್ನು ಹಿಗ್ಗಿಸುವುದಕ್ಕಾಗಿ. ಮರಿ ಮಲಗಿರುವ ಭಂಗಿಯೇ ಒಂದು ಉಷ್ಣಮಾಪಕ.

ಒಂದೇ ಕಲ್ಲು, ಎರಡು ಋತು

ಈ ಊರುಗಳ ಮನೆಗಳಲ್ಲಿ ನೆಲಕ್ಕೆ ಹಾಸಿರುವುದು ಸಾಮಾನ್ಯವಾಗಿ ಶಹಾಬಾದ್ ಕಲ್ಲು. ಜನರ ಬಾಯಲ್ಲಿ ಇದು 'ಪರಸಿ'. ಇದು ಪದರು ಪದರಾಗಿ ಏಳುವ ಸುಣ್ಣಕಲ್ಲು. ಇಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವೂ ಈ ಸೀಮೆಯ ಸುಣ್ಣಕಲ್ಲೇ.

ಡಿಸೆಂಬರಿನ ರಾತ್ರಿ ಕೋಣೆಯ ಉಷ್ಣತೆ 20 ಡಿಗ್ರಿ ಇರಲಿ. ಮರದ ಹಲಗೆಯೂ ಪರಸಿಯೂ ಅಷ್ಟೇ ಉಷ್ಣತೆಯಲ್ಲಿವೆ. ಆದರೂ ಬರಿಗಾಲಿಗೆ ಹಲಗೆ ಬೆಚ್ಚಗೂ ಕಲ್ಲು ತಣ್ಣಗೂ ತೋರುವುದು ಏಕೆ? ಎರಡು ವಸ್ತುಗಳು ಕೂಡಿದಾಗ ಅವುಗಳ ನಡುವಣ ಉಷ್ಣತೆಯನ್ನು ನಿರ್ಧರಿಸುವುದು ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಎಂಬ ಮೂರರ ಗುಣಲಬ್ಧದ ವರ್ಗಮೂಲ. ಇದು ಸುಣ್ಣಕಲ್ಲಿಗೆ ಸುಮಾರು 2100, ಚರ್ಮಕ್ಕೆ ಸುಮಾರು 1200, ಮರಕ್ಕೆ ಸುಮಾರು 400. ಮರಿಯ ಹೊಟ್ಟೆಯ ಚರ್ಮ 35 ಡಿಗ್ರಿ ಇದ್ದರೆ, ಹಲಗೆಯನ್ನು ಮುಟ್ಟಿದೊಡನೆ ಸ್ಪರ್ಶಸ್ಥಾನದ ಉಷ್ಣತೆ ಸುಮಾರು 31ಕ್ಕೆ ಇಳಿಯುತ್ತದೆ. ಪರಸಿಯನ್ನು ಮುಟ್ಟಿದರೆ ಸುಮಾರು 25ಕ್ಕೆ ಇಳಿಯುತ್ತದೆ. ಕಲ್ಲು ಶಾಖವನ್ನು ಹೀರಿ, ಕೂಡಲೇ ಆಳಕ್ಕೆ ಸಾಗಿಸುತ್ತದೆ. ರಾತ್ರಿಯೆಲ್ಲ ಹೀಗೆಯೇ ನಡೆದರೆ ಎಳೆಯ ಮರಿ ತಿಂದ ಆಹಾರದ ಒಂದು ಭಾಗ ನೆಲವನ್ನು ಕಾಯಿಸುವುದಕ್ಕೇ ವ್ಯಯವಾಗುವುದು.

ಇದಕ್ಕೆ ಪರಿಹಾರ ನಮ್ಮ ಅಜ್ಜಿಯರು ಹೊಲಿದ ಕೌದಿಯಲ್ಲೇ ಇದೆ. ಹಳೆಯ ಬಟ್ಟೆಗಳ ಪದರುಗಳ ನಡುವೆ ಸಿಕ್ಕಿ ನಿಂತ ಗಾಳಿ ಶಾಖವನ್ನು ಹಾಯಗೊಡದು. ಮಡಿಸಿದ ಕೌದಿ, ಅದರ ಕೆಳಗೆ ಒಂದು ಗೋಣಿತಟ್ಟು: ಇಷ್ಟಿದ್ದರೆ ಕಲ್ಲಿನ ಬಾಧೆ ಬಹುಮಟ್ಟಿಗೆ ತಪ್ಪಿದಂತೆ.

ಮೇ ತಿಂಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಆಗ ಇಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಮೀರುವುದು ಸಾಮಾನ್ಯ. 30 ಸೆಂಟಿಮೀಟರ್ ದಪ್ಪದ ಕಲ್ಲಿನ ಗೋಡೆಯನ್ನು ದಾಟಿ ಬರಲು ಹಗಲಿನ ಕಾವಿನ ಅಲೆಗೆ ಸುಮಾರು 7 ಗಂಟೆ ಹಿಡಿಯುತ್ತದೆ. ಮಧ್ಯಾಹ್ನ 2ರ ಬಿಸಿ ಒಳಗೋಡೆಗೆ ತಲಪುವುದು ರಾತ್ರಿ 9ಕ್ಕೆ. ಮರಿಯನ್ನು ಪೆಟ್ಟಿಗೆಗೆ ಸೇರಿಸುವ ವೇಳೆಯೂ ಅದೇ! ಅಂಥ ರಾತ್ರಿ ಮಣ್ಣಿಗೆ ಅಂಟಿಕೊಂಡಿರುವ ನೆಲದ ಪರಸಿಯೇ ಮನೆಯಲ್ಲಿ ಎಲ್ಲಕ್ಕೂ ತಂಪಾದ ಸ್ಥಳ. ಚಳಿಗಾಲದಲ್ಲಿ ಶತ್ರುವಾಗಿದ್ದ ಕಲ್ಲು ಬೇಸಗೆಯಲ್ಲಿ ಮಿತ್ರನಾಗುವುದು.

ಮುಚ್ಚಿದ ಪೆಟ್ಟಿಗೆಯ ಅಪಾಯ

ಮಲಗಿರುವ ಮರಿ ಸುಮಾರು 10 ವಾಟ್‌ನಷ್ಟು ಶಾಖವನ್ನು ಹೊರಸೂಸುತ್ತದೆಂದು ಇಟ್ಟುಕೊಳ್ಳೋಣ. ಸುತ್ತಣ ಗಾಳಿಯೂ ಮೈಯಷ್ಟೇ ಬಿಸಿಯಾಗಿದ್ದರೆ ಉಷ್ಣವಹನ, ಸಂವಹನ, ವಿಕಿರಣಗಳಿಂದ ಪ್ರಯೋಜನವಿಲ್ಲ. ಉಳಿಯುವ ದಾರಿ ಬಾಷ್ಪೀಭವನ ಒಂದೇ. ನಾಯಿಗೆ ಬೆವರಿನ ಗ್ರಂಥಿಗಳು ಇರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಆದುದರಿಂದ ಅದು ನಾಲಗೆ ಚಾಚಿ ಏದುಸಿರು ಬಿಟ್ಟು ತನ್ನನ್ನು ತಣಿಸಿಕೊಳ್ಳಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2400 ಜೂಲ್ ಶಾಖವನ್ನು ಒಯ್ಯುತ್ತದೆ. 10 ವಾಟ್ ಎಂದರೆ ಗಂಟೆಗೆ 36,000 ಜೂಲ್. ಅಷ್ಟನ್ನು ಹೊರಹಾಕಲು ಗಂಟೆಗೆ 15 ಗ್ರಾಂ ನೀರು ಬೇಕು. ಪೆಟ್ಟಿಗೆಗೆ ಕಿಂಡಿಗಳಿಲ್ಲದಿದ್ದರೆ ಆವಿ ಒಳಗೇ ತುಂಬಿ ಬಾಷ್ಪೀಭವನವೇ ಕುಂಠಿತವಾಗುವುದು. ಮೈಯ ಉಷ್ಣತೆ ಏರುತ್ತ ಹೋಗಿ 41 ಡಿಗ್ರಿ ಮೀರಿದರೆ ಮರಿಗೆ ಪ್ರಾಣಾಪಾಯ. ಆದುದರಿಂದ ಬೇಸಗೆಯಲ್ಲಿ ಮುಚ್ಚಿದ ಪೆಟ್ಟಿಗೆ ಸಲ್ಲದು. ಗಾಳಿಯಾಡುವ ಕಂಬಿಯ ಗೂಡು, ನೆಲದ ಪರಸಿ, ಮಣ್ಣಿನ ಪಾತ್ರೆಯಲ್ಲಿ ನೀರು, ಇವಿಷ್ಟು ಅವಶ್ಯ.

ಮೂತ್ರಕೋಶದ ಗಡಿಯಾರ

ಹಾಗಾದರೆ ಪೆಟ್ಟಿಗೆಯ ಉಪಯೋಗವೇನು? ನಾಯಿ ಸ್ವಭಾವತಃ ತಾನು ಮಲಗುವ ಜಾಗವನ್ನು ಹೊಲಸು ಮಾಡಲೊಲ್ಲದು. ಎದ್ದು ನಿಲ್ಲಲು, ತಿರುಗಲು, ಚಾಚಿ ಮಲಗಲು ಸಾಕಾಗುವಷ್ಟು ಜಾಗ ಕೊಟ್ಟರೆ ಮರಿ ತಡೆದುಕೊಳ್ಳಲು ಕಲಿಯುತ್ತದೆ. ಆದರೆ ತಡೆಯುವ ಶಕ್ತಿಗೂ ಮಿತಿಯುಂಟು. ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಎಷ್ಟು ಬರುತ್ತದೆಯೋ ಹೆಚ್ಚೆಂದರೆ ಅಷ್ಟು ಗಂಟೆ ಎಂಬುದು ಸ್ಥೂಲವಾದ ಸೂತ್ರ: 2 ತಿಂಗಳಿಗೆ 3 ಗಂಟೆ, 6 ತಿಂಗಳಿಗೆ 7 ಗಂಟೆ. ನಡುರಾತ್ರಿ ಮರಿ ಕೂಗಿದರೆ ಅದು ಹಟವೆಂದು ತಿಳಿದು ಗದರಿಸುವ ಮೊದಲು ಗಡಿಯಾರ ನೋಡಬೇಕು. ಹೊರಗೆ ಕರೆದೊಯ್ದು, ಮಾತಿಲ್ಲದೆ ಮರಳಿ ಮಲಗಿಸಬೇಕು.

ಹೊರತರುವ ಕ್ರಮ

ಸುಮಾರು 6 ತಿಂಗಳು ತುಂಬಿ, ಎರಡು ವಾರ ಸತತವಾಗಿ ಪೆಟ್ಟಿಗೆ ಶುಚಿಯಾಗಿದ್ದರೆ ಕೆಲಸವನ್ನು ಆರಂಭಿಸಬಹುದು. ಇಲ್ಲಿ ಪ್ರಯೋಗಶಾಲೆಯ ನಿಯಮವನ್ನೇ ಪಾಲಿಸುವುದು ಲೇಸು: ಒಮ್ಮೆಗೆ ಒಂದನ್ನೇ ಬದಲಿಸುವುದು.

ಮೊದಲ ವಾರ ಪೆಟ್ಟಿಗೆ ಇದ್ದಲ್ಲಿಯೇ ಇರಲಿ. ಬಾಗಿಲು ಮಾತ್ರ ತೆರೆದಿರಲಿ, ಕೋಣೆಯ ಬಾಗಿಲು ಮುಚ್ಚಿರಲಿ. ಎರಡನೆಯ ವಾರ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ಅದರ ಪಕ್ಕದಲ್ಲಿ ಹಾಸಬೇಕು. ವಾಸನೆಯ ಗುರುತಿನಿಂದ ಮರಿ ಅಲ್ಲಿಯೇ ಒರಗುವುದು. ಮೂರನೆಯ ವಾರ ಪೆಟ್ಟಿಗೆಯನ್ನು ತೆಗೆಯಬಹುದು. ಎರಡು ರಾತ್ರಿ ಒಂದರ ಮೇಲೊಂದು ನೆಲ ಹೊಲಸಾದರೆ, ಅಥವಾ ವಸ್ತುಗಳು ಹಲ್ಲಿಗೆ ಸಿಕ್ಕಿದರೆ, ಹಿಂದಿನ ಹಂತಕ್ಕೆ ಮರಳಬೇಕು. ವಿದ್ಯುತ್ ತಂತಿ, ಇಲಿಪಾಷಾಣ ಮರಿಗೆ ಎಟುಕದಂತೆ ಮೊದಲೇ ತೆಗೆದಿರಬೇಕು.

ಊರಿಂದೂರಿಗೆ ಸ್ವಲ್ಪ ಭೇದವುಂಟು. ವಾಡಿ ದೊಡ್ಡ ರೈಲು ಜಂಕ್ಷನ್. 1874ರಲ್ಲಿ ಸಿಕಂದರಾಬಾದಿನ ಮಾರ್ಗ ಇಲ್ಲಿಗೆ ಬಂದು ಕೂಡಿತು. ಚಿತ್ತಾಪುರ, ಸೇಡಂ ಅದೇ ಮಾರ್ಗದಲ್ಲಿವೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಿಸಿದರೆ ನಾಯಿಗೆ 40,000ಕ್ಕೂ ಮೇಲಿನವು ಕೇಳಿಸುವುವು. ಗಾಡಿಯ ಬ್ರೇಕಿನ ಕಿರುಚಿನಲ್ಲಿ ನಮಗೆ ಕೇಳದ ಭಾಗವೂ ಮರಿಯನ್ನು ಎಬ್ಬಿಸಬಲ್ಲದು. ಹಳಿಯ ಸಮೀಪದ ಮನೆಗಳಲ್ಲಿ ಹಾಸಿಗೆ ಒಳಕೋಣೆಯಲ್ಲಿರಲಿ. ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ ಅಲ್ಲಿನ ನಿವಾಸಿಗಳು. ಪೆಟ್ಟಿಗೆಯಿಂದ ಹೊರಗೆ ಎಂದರೆ ಮನೆಯಿಂದ ಹೊರಗೆ ಎಂದು ಅಲ್ಲಿ ಅರ್ಥಮಾಡಿಕೊಂಡರೆ ಮರಿ ಬೆಳಗಿಗೆ ಉಳಿಯದು. ಎಲ್ಲ ಊರಿಗೂ ಅನ್ವಯಿಸುವ ಮಾತೊಂದುಂಟು: 3 ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸದ ಮರಿಯನ್ನು ರಾತ್ರಿ ಬೀದಿಗೆ ಬಿಡುವುದು ಮನೆಯ ಮಕ್ಕಳಿಗೂ ಅಪಾಯಕರ.

ಅಭ್ಯಾಸ

1. 5 ತಿಂಗಳ ಮರಿಯನ್ನು ರಾತ್ರಿ 10 ಗಂಟೆಗೆ ಹೊರಗೆ ಕರೆದೊಯ್ದಿದ್ದರೆ ಮತ್ತೆ ಎಷ್ಟು ಗಂಟೆಯೊಳಗೆ ಕರೆದೊಯ್ಯಬೇಕು?

2. ಮರಿ 15 ವಾಟ್ ಶಾಖವನ್ನು ಬಾಷ್ಪೀಭವನದಿಂದಲೇ ಕಳೆಯಬೇಕಾದರೆ 8 ಗಂಟೆಗಳಲ್ಲಿ ಎಷ್ಟು ನೀರು ಬೇಕು?

3. ಒಂದು ವಾರ ಪ್ರತಿ ರಾತ್ರಿ ನೆಲದ ಉಷ್ಣತೆಯನ್ನೂ ಮರಿ ಮಲಗಿದ ಭಂಗಿಯನ್ನೂ ಬರೆದಿಡಿ. ಮರಿ ಸುತ್ತಿಕೊಳ್ಳುವುದನ್ನು ಬಿಟ್ಟು ಚಾಚಿ ಮಲಗತೊಡಗುವುದು ಎಷ್ಟು ಡಿಗ್ರಿಯಲ್ಲಿ?