ಗೃಹಸ್ಥನ ಆಯವ್ಯಯ

ಕಾಯಕದಿಂದ ಬಂದ ದ್ರವ್ಯದ ವಿನಿಯೋಗವನ್ನು ಕೇವಲ ಲೌಕಿಕ ವಿಷಯವೆಂದು ನಾವು ಬದಿಗಿರಿಸುವುದುಂಟು. ಶರಣರು ಹಾಗೆ ಮಾಡಲಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನಾಯುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತರಲು, ಸತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. ಇಲ್ಲಿ ನಿರ್ಲೋಭವನ್ನಷ್ಟೆ ಕಂಡು ನಾವು ಮುಂದೆ ಸಾಗುತ್ತೇವೆ. ತನ್ನ ಮನೆಗೆ ದಿನಕ್ಕೆಷ್ಟು ಬೇಕೆಂಬ ಅಳತೆ ಆಕೆಗೆ ತಿಳಿದಿತ್ತು. ತಿಳಿಯದವಳು ಹೆಚ್ಚಾಯಿತೆಂದು ಹೇಗೆ ಹೇಳಿಯಾಳು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಈ ಅಳತೆ ಸುಲಭವಲ್ಲ. ತಿಂಗಳ ಸಂಬಳದವನ ಲೆಕ್ಕ ಇಲ್ಲಿ ಸಲ್ಲದು. ಅಡಿಕೆಯ ಹಣ ಕೊಯ್ಲಾಗಿ, ಒಣಗಿ, ಮಾರಾಟವಾದ ಮೇಲೆ ಒಮ್ಮೆಗೇ ಬರುತ್ತದೆ. ಬೇಸಗೆಯಲ್ಲಿ ಮದುವೆ, ಗೃಹಪ್ರವೇಶಗಳು ಅದನ್ನು ಕರಗಿಸುತ್ತವೆ. ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಮಕ್ಕಳ ಶಾಲೆಯ ಖರ್ಚು, ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಸಿಂಪಡಣೆ ಎರಡೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಆಟಿಯ ತಿಂಗಳಲ್ಲಿ ಕೈಸಾಲ ಮಾಡದ ಮನೆ ಅಪರೂಪ.

ದೃಷ್ಟಾಂತಕ್ಕಾಗಿ, ಒಬ್ಬನಿಗೆ ವರ್ಷಕ್ಕೆ 1,80,000 ರೂಪಾಯಿ ಅಡಿಕೆಯಿಂದ ಬಂತೆನ್ನೋಣ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 15,000 ಇದೆಯೆಂದು ಅವನು ಭಾವಿಸಿದರೆ ಕೆಟ್ಟನು. ಗೊಬ್ಬರ, ಸಿಂಪಡಣೆ, ಕೊಯ್ಲಿನ ಕೂಲಿಗೆಂದು 60,000 ಮೊದಲೇ ತೆಗೆದಿರಿಸತಕ್ಕದ್ದು. ಉಳಿದುದರಲ್ಲಿ ತಿಂಗಳ ಪಾಲು 10,000 ಮಾತ್ರ. ತೋಟದ ಹಣವನ್ನು ಅಡಿಕೆ ಮಾರಿದ ದಿನವೇ ಬೇರೆ ಮಾಡುವುದು ಲೇಸು. ಮರುದಿನಕ್ಕೆ ಮನಸ್ಸು ಬದಲಾಗುವುದು.

ಇನ್ನೊಂದು ತಪ್ಪು ವಾರದ ಕಂತಿನದು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳಿಂದ ವಾರದ ಉಳಿತಾಯ, ವಾರದ ಮರುಪಾವತಿ ಈ ಕಡೆಯ ಮನೆಮನೆಗೂ ಪರಿಚಿತವಾಯಿತು. ವಾರಕ್ಕೆ 700 ರೂಪಾಯಿ ಕಂತಿದ್ದರೆ, ತಿಂಗಳಿಗೆ ನಾಲ್ಕು ವಾರವೆಂದೆಣಿಸಿ 2,800 ಎಂದು ಬರೆಯುವರು. ಆದರೆ ವರ್ಷಕ್ಕೆ ವಾರಗಳು ನಲವತ್ತೆಂಟಲ್ಲ, ಐವತ್ತೆರಡು. ಬಿಟ್ಟುಹೋದ ನಾಲ್ಕು ವಾರಗಳ 2,800 ರೂಪಾಯಿಗೆ ಮತ್ತೊಂದು ಸಾಲ!

ವರ್ಷಕ್ಕೊಮ್ಮೆ ಬರುವ ಆದಾಯದಿಂದ ವಾರದ ಕಂತು ಹೇಗೆ ನಡೆಯುತ್ತದೆ? ಅನೇಕ ಮನೆಗಳಲ್ಲಿ ಅದನ್ನು ನಡೆಸುವುದು ಗೃಹಿಣಿ ಸುತ್ತಿದ ಬೀಡಿಯ ಮಜೂರಿ. ಸಾವಿರಕ್ಕಿಷ್ಟೆಂದು ಎಣಿಸಿ ಬರುವ ಆ ಹಣ ಯಜಮಾನನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಇದು ಬರಿಯ ಮರೆವಲ್ಲ, ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆಕೆ ಕಾಯಿಲೆ ಬಿದ್ದ ವಾರ ಕಂತು ತಪ್ಪಿದಾಗಲೇ ಅದರ ಬೆಲೆ ತಿಳಿಯುವುದು. ಆಯದ ಪುಟದಲ್ಲಿ ಬೀಡಿಯ ಮಜೂರಿಯನ್ನು ಪ್ರತ್ಯೇಕವಾಗಿ ಬರೆದು, ಅದು ನಿಂತ ತಿಂಗಳಿಗೆಂದು ಸ್ವಲ್ಪ ಹಣವನ್ನು ಮೀಸಲಿಡಬೇಕು.

ಸಣ್ಣ ಮೊತ್ತವನ್ನು ಮೀಸಲಿಡುವುದು ಕರಾವಳಿಗೆ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಸ್ಥಾಪಿತವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನಾರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿತು.

ಪುಸ್ತಕವನ್ನು ಪತ್ತನಾಜೆಗೆ ಮೊದಲೇ ತೆರೆಯಿರಿ. ಗಂಡಹೆಂಡಿರಿಬ್ಬರೂ ಕುಳಿತು ಬರೆಯಿರಿ; ಮನೆಯ ಅಕ್ಕಿ ದಿನಕ್ಕೆಷ್ಟು ಸೇರೆಂಬಲ್ಲಿಂದ ಆರಂಭಿಸಿದರೆ ಸಾಕು.