ಅಮ್ಮನ ಹೆಸರಿನ ದತ್ತಿ: ತಂಗಿಯ ಮಗಳಿಗೊಂದು ಬಹಿರಂಗ ಪತ್ರ

ಚಿರಂಜೀವಿ ಪುಟ್ಟಿಗೆ,

ಅಮ್ಮನ ವರ್ಷಾಂತಿಕ ಹತ್ತಿರ ಬಂತು, ಅವಳ ಹೆಸರಿನಲ್ಲಿ ಏನಾದರೂ ಮಾಡಬೇಕು, ಐದು ಲಕ್ಷ ಎತ್ತಿಟ್ಟಿದ್ದೇನೆ, ಕ್ಯಾನ್ಸರ್ ಔಷಧಿಯ ಸಂಶೋಧನೆಗೆ ಕೊಟ್ಟರೆ ಹೇಗೆ ಎಂದು ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಇದೇ ಪ್ರಶ್ನೆ ಹೊತ್ತು ತಿರುಗುವ ಬೇರೆ ಮನೆಯ ಮಕ್ಕಳೂ ಇದ್ದಾರೆ. ಅದಕ್ಕೇ ನಿನ್ನ ಒಪ್ಪಿಗೆ ಪಡೆದು ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನೆಂಟರ ಸಲಹೆಗಳು ನನ್ನ ಕಿವಿಗೂ ಬಿದ್ದಿವೆ. ಆಸ್ಪತ್ರೆಯ ಅಂಗಳಕ್ಕೊಂದು ಗ್ರಾನೈಟ್ ಬೆಂಚು, ಮಠದಲ್ಲಿ ಒಂದು ದಿನದ ದಾಸೋಹ, ಕಾಲೇಜಿಗೊಂದು ಚಿನ್ನದ ಪದಕ. ಯಾವುದೂ ಕೆಟ್ಟದ್ದಲ್ಲ. ನಮ್ಮ ಕಡೆ ದತ್ತಿ ಎಂದರೆ ವರ್ಷಕ್ಕೊಂದು ಉಪನ್ಯಾಸ, ಹಾರ, ಶಾಲು, ಕೊನೆಗೆ ಉಪ್ಪಿಟ್ಟು ಕಾಫಿ. ಅಂಥ ಎಷ್ಟೋ ಕಡೆ ಮಾತಾಡಿ ಶಾಲು ಹೊದ್ದು ಬಂದವನೇ ನಾನು. ಆದರೆ ನಿನ್ನ ಮನಸ್ಸು ಔಷಧಿಯ ಕಡೆಗೆ ಹೊರಳಿದ್ದು ನನಗೆ ಹಿಡಿಸಿತು. ಎಲ್ಲಿಗೆ, ಹೇಗೆ ಕೊಡಬೇಕು ಎಂಬುದನ್ನಷ್ಟೇ ಈಗ ನೋಡೋಣ.

ಈ ದಾರಿಯಲ್ಲಿ ಮೊದಲು ನಡೆದವರ ಕತೆಗೆ ನಮ್ಮ ಮೈಸೂರಿನ ನಂಟೂ ಇದೆ. ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿ. ವಿಜ್ಞಾನಿ ಹೋಮಿ ಭಾಭಾಗೆ ಸೋದರತ್ತೆ. 1898ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರ ಹಿರಿಮಗ ದೊರಾಬ್‌ಜಿಯ ಕೈಹಿಡಿದರು. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗಿನ್ನೂ ಐವತ್ತೊಂದು. ಆ ಕಾಯಿಲೆಯನ್ನು ಗುಣಪಡಿಸುವ ಔಷಧಿ ಆಗ ಜಗತ್ತಿನಲ್ಲೇ ಇರಲಿಲ್ಲ. ಟಾಟಾ ಮನೆಯ ದುಡ್ಡಿಗೂ ಸಿಗುವಂತಿರಲಿಲ್ಲ. ದೊರಾಬ್‌ಜಿ 1932ರಲ್ಲಿ ಹೆಂಡತಿಯ ಹೆಸರಿನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಕಟ್ಟಿದರು, ರಕ್ತದ ಕ್ಯಾನ್ಸರಿನ ಸಂಶೋಧನೆಗೆಂದು. ಅದೇ ವರ್ಷದ ಜೂನ್‌ನಲ್ಲಿ, ಹೆಂಡತಿಯ ಸಮಾಧಿ ನೋಡಲು ಇಂಗ್ಲೆಂಡಿಗೆ ಹೊರಟವರು, ದಾರಿಯಲ್ಲಿ ಜರ್ಮನಿಯಲ್ಲೇ ಕಣ್ಣುಮುಚ್ಚಿದರು.

ಮಕ್ಕಳ ರಕ್ತದ ಕ್ಯಾನ್ಸರನ್ನು ಕೆಲ ತಿಂಗಳಾದರೂ ಹಿಮ್ಮೆಟ್ಟಿಸಿದ ಔಷಧಿಯ ವರದಿ ಬಂದದ್ದು 1948ರಲ್ಲಿ, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರಿಂದ. ಅವರು ಬಳಸಿದ ಅಮಿನಾಪ್ಟೆರಿನ್, ಭೀಮಾವರಂನಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ್ದು. ಅದು ಟಾಟಾ ಹಣದಿಂದ ಬಂತೆಂದು ನಾನು ಹೇಳುತ್ತಿಲ್ಲ. ದೊರಾಬ್‌ಜಿ ಹೋಗಿ ಆಗ ಹದಿನಾರು ವರ್ಷವಾಗಿತ್ತು ಎಂಬುದನ್ನಷ್ಟೇ ಗಮನಿಸು. ಟಾಟಾ ಟ್ರಸ್ಟಿನ ಹಣದಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದದ್ದು 1941ರ ಫೆಬ್ರವರಿ 28ರಂದು. ಅಲ್ಲಿನ ವೈದ್ಯರೂ ಮುಂಬಯಿ ಐಐಟಿಯವರೂ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಸರ್ಕಾರದ ಅನುಮತಿ ಸಿಕ್ಕಿತು. ರೋಗಿಯದೇ ಬಿಳಿರಕ್ತಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶದ ಗುರುತು ಹಿಡಿಯುವಂತೆ ಅವನ್ನು ತಿದ್ದಿ, ಮತ್ತೆ ಅದೇ ರೋಗಿಯ ಮೈಗೆ ಏರಿಸುತ್ತಾರೆ. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಇದು ಆಗಿಬರುತ್ತದೆ. ಮೆಹರ್‌ಬಾಯಿ ತೀರಿಕೊಂಡು ಅಷ್ಟರಲ್ಲಿ 92 ವರ್ಷ.

ನಿನ್ನ ಹಣದ ಫಲವನ್ನು ನೀನು ಕಾಣಬಹುದು, ಕಾಣದೆಯೂ ಹೋಗಬಹುದು. ಮನುಷ್ಯರ ಮೇಲೆ ಪರೀಕ್ಷಿಸುವ ಹಂತ ಮುಟ್ಟಿದ ಹೊಸ ಕ್ಯಾನ್ಸರ್ ಔಷಧಿಗಳಲ್ಲೂ ಹತ್ತಕ್ಕೆ ಒಂಬತ್ತು ರೋಗಿಯ ಕೈ ಸೇರುವುದಿಲ್ಲ. ಆ ಒಂಬತ್ತಕ್ಕೆ ಹೋದ ಹಣ ಹಾಳಾಯಿತೆಂದು ವಿಜ್ಞಾನಿಗಳು ತಿಳಿಯುವುದಿಲ್ಲ. ಯಾವ ದಾರಿ ಮುಂದಕ್ಕೆ ಹೋಗುವುದಿಲ್ಲ ಎಂದು ಗೊತ್ತಾದದ್ದೂ ಅವರಿಗೆ ಲಾಭವೇ. ಆದರೆ ತಾಯಿಯನ್ನು ಕಳೆದುಕೊಂಡವರಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಅಮ್ಮನ ಹೆಸರಿನ ದುಡ್ಡು ಸೋತ ಔಷಧಿಗೆ ಹೋಯಿತಲ್ಲ ಎಂದು ನಾಳೆ ಕೊರಗುವುದಾದರೆ, ಪುಟ್ಟಿ, ಈಗಲೇ ಬೆಂಚು ಹಾಕಿಸಿಬಿಡು. ಸಿಟ್ಟಿನಿಂದ ಹೇಳುತ್ತಿಲ್ಲ. ದಣಿದು ಬಂದವರು ಕೂರಲು ಬೆಂಚೂ ಬೇಕು.

ಎಲ್ಲಿಗೆ ಕೊಡಬೇಕು ಎಂಬುದರಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ದೊಡ್ಡ ಔಷಧಿ ಕಂಪನಿಗಳಿಗೆ ನಿನ್ನ ಐದು ಲಕ್ಷದ ಹಂಗಿಲ್ಲ. ಹೊಸ ಔಷಧಿಗೆ ಪೇಟೆಂಟ್ ಸಿಗುತ್ತದೆ, ಪೇಟೆಂಟ್ ಇದ್ದಷ್ಟು ದಿನ ಹೇಳಿದ್ದೇ ಬೆಲೆ. ಆ ಆಸೆಗೆ ನೂರಾರು ಕೋಟಿ ಸುರಿಯುವವರಿದ್ದಾರೆ. ಯಾರೂ ಸುರಿಯದ ಪ್ರಶ್ನೆಗಳು ಬೇರೆ. ಹಳೆಯ, ಅಗ್ಗದ ಔಷಧಿ ಹೊಸ ಕೆಲಸಕ್ಕೆ ಬಂದೀತೇ? ದುಬಾರಿ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಸಾಕಾದೀತೇ? ಉತ್ತರ ಹೌದೆಂದು ಬಂದರೆ ರೋಗಿಗೆ ಲಾಭ, ಕಂಪನಿಗೆ ಏನೂ ಇಲ್ಲ. ಅಮ್ಮನ ದತ್ತಿ ಇಂಥ ಪ್ರಶ್ನೆಗಳಿಗೇ ಹೋಗಲಿ ಎಂಬುದು ನನ್ನ ಮಾತು.

ಅವಳಿಗೆ ಬಂದ ಕಾಯಿಲೆಯದೇ ಉದಾಹರಣೆ ಕೊಡುತ್ತೇನೆ. ಹಲ್ಲು ಕೀಳುವ ಮೊದಲು ಒಸಡಿಗೆ ಚುಚ್ಚಿ ಜೋಮು ಹಿಡಿಸುತ್ತಾರಲ್ಲ, ಆ ಲಿಗ್ನೊಕೇನ್. ಅತಿ ಅಗ್ಗದ ಮದ್ದು, ಯಾವ ಊರಿನ ಆಸ್ಪತ್ರೆಯಲ್ಲೂ ಇರುತ್ತದೆ. ಸ್ತನದ ಗಡ್ಡೆ ತೆಗೆಯುವ ಏಳರಿಂದ ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಅದನ್ನು ಚುಚ್ಚಿದರೆ, ಕತ್ತರಿಸುವ ಹೊತ್ತಿನಲ್ಲಿ ಕ್ಯಾನ್ಸರ್ ಕೋಶಗಳು ಕದಲಿ ಬೇರೆಡೆ ಹರಡುವುದನ್ನು ತಡೆಯಬಹುದೇ ಎಂದು ಟಾಟಾ ಸ್ಮಾರಕದ ಡಾ. ರಾಜೇಂದ್ರ ಬಡವೆ ಮತ್ತು ಸಂಗಡಿಗರು ಕೇಳಿಕೊಂಡರು. ದೇಶದ 11 ಕೇಂದ್ರಗಳಲ್ಲಿ, 1,600 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚುಚ್ಚುಮದ್ದು ಕೊಟ್ಟು ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಬರಿಯ ಶಸ್ತ್ರಚಿಕಿತ್ಸೆ. ಆಮೇಲಿನ ಚಿಕಿತ್ಸೆ ಇಬ್ಬರಿಗೂ ಮಾಮೂಲಿನಂತೆ. ಐದು ವರ್ಷದ ಹೊತ್ತಿಗೆ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 90.1 ಮಂದಿ ಬದುಕಿದ್ದರು, ಪಡೆಯದವರಲ್ಲಿ 86.4. ಫಲಿತಾಂಶ 2023ರಲ್ಲಿ ಅಚ್ಚಾಯಿತು. ಬೇರೆ ಕಡೆಯೂ ಇದನ್ನು ಮಾಡಿ ನೋಡಬೇಕು ಎನ್ನುವ ವೈದ್ಯರಿದ್ದಾರೆ. ಅವರ ಮಾತೂ ಸರಿ. ಆದರೆ ನೂರಕ್ಕೆ ನಾಲ್ಕು ಎಂದು ಹಗುರ ಮಾಡಬೇಡ. ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಹೆಂಗಸರಿಗೆ ಈ ಕಾಯಿಲೆ ಕಾಣಿಸುವ ದೇಶ ನಮ್ಮದು.

ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಪರೀಕ್ಷೆ ಆಯಿತು. ಬಾಯಿ, ಗಂಟಲಿನ ಕ್ಯಾನ್ಸರ್ ಕೈಮೀರಿದವರಿಗೆ ನಿವೊಲುಮಾಬ್ ಎಂಬ ದುಬಾರಿ ಔಷಧಿಯನ್ನು, ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಬರಿಯ 20 ಮಿಲಿಗ್ರಾಂನಂತೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟರು. ಮಾತ್ರೆಯಷ್ಟನ್ನೇ ಪಡೆದವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 16. ಇದನ್ನೂ ಪಡೆದವರಲ್ಲಿ 43. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಮೆಲ್ಲುವ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ.

ಐದು ಲಕ್ಷದಲ್ಲಿ ಏನಾಗುತ್ತದೆ ಎಂದು ಸಂಕೋಚಪಟ್ಟುಕೊಂಡಿದ್ದೀಯಲ್ಲ. ಜೂನಿಯರ್ ರಿಸರ್ಚ್ ಫೆಲೋಗೆ ಸರ್ಕಾರ ನಿಗದಿ ಮಾಡಿದ ವೇತನ 2023ರಿಂದ ತಿಂಗಳಿಗೆ 37,000, ಮನೆಬಾಡಿಗೆ ಭತ್ಯೆ ಬೇರೆ. ನಿನ್ನ ಹಣ ಅಂಥ ಒಬ್ಬರನ್ನು ಹೆಚ್ಚುಕಡಿಮೆ ವರ್ಷವಿಡೀ ಕೆಲಸದಲ್ಲಿಟ್ಟೀತು. ಸಂಶೋಧನೆ ಎಂದಕೂಡಲೇ ನಮಗೆ ನೆನಪಾಗುವುದು ಗಾಜಿನ ನಳಿಕೆ, ಸೂಕ್ಷ್ಮದರ್ಶಕ. ಇಂಥ ಪರೀಕ್ಷೆಗಳು ಬಹಳ ಸಲ ಹಾಳಾಗುವುದು ಬೇರೆ ಕಾರಣಕ್ಕೆ: ಐದನೆಯ ವರ್ಷ ರೋಗಿ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಯಾರೂ ವಿಚಾರಿಸದೆ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಫೋನ್ ನಂಬರು ಬದಲಾಗಿರುತ್ತದೆ, ಮಗಳ ಊರಿಗೆ ಹೋಗಿರುತ್ತಾರೆ. ಹುಡುಕಿ, ಮಾತಾಡಿಸಿ, ಬರೆದಿಡುವ ಒಬ್ಬರು ಬೇಕು. ಆ ಕೆಲಸಕ್ಕೆ ಹಣ ಕೊಡುವವರು ಕಡಿಮೆ, ಏಕೆಂದರೆ ಅದರ ಮುಂದೆ ಹೆಸರಿನ ಕಲ್ಲು ನೆಡಲಾಗುವುದಿಲ್ಲ. ಐದು ಲಕ್ಷವನ್ನು ಒಂದೇ ಸಲ ಕೊಡುವ ಬದಲು, ವರ್ಷಕ್ಕೆ ಒಂದರಂತೆ ಐದು ವರ್ಷ ಕೊಡುತ್ತೇನೆ ಎಂದರೆ ಇಂಥ ಕೆಲಸಕ್ಕೆ ಹೆಚ್ಚು ಆಗಿಬರುತ್ತದೆ.

ನಾಟಿ ಔಷಧಿಗೆ ಕೊಡು ಎಂದು ಚಿಕ್ಕಪ್ಪ ಹೇಳಿದರಂತೆ. ಗಿಡದಲ್ಲಿ ಮದ್ದಿಲ್ಲ ಎಂದು ನಾನು ಎಂದೂ ವಾದಿಸುವುದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುವ ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ನಿತ್ಯಪುಷ್ಪದ್ದು. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ, ಅದರಿಂದ ಕ್ಯಾನ್ಸರ್ ಔಷಧಿಗಳಾಗಿವೆ. ಎಷ್ಟು ಕೊಟ್ಟರೆ ಗುಣ, ಎಷ್ಟಕ್ಕೆ ವಿಷ, ಎಷ್ಟು ಜನರಲ್ಲಿ ಎಷ್ಟು ಜನ ಉಳಿದರು ಎಂದು ಬರೆದಿಟ್ಟು ತೋರಿಸುವವರಿಗೆ ಕೊಡು. ಬೇರು ಗುಟ್ಟು ಎನ್ನುವವರಿಗೆ ಬೇಡ.

ಯಾವ ಸಂಸ್ಥೆ ಎಂದು ನಾನು ಆರಿಸಿಕೊಡುವುದಿಲ್ಲ. ಮುಂಬಯಿಯದೇ ಆಗಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, 1982ರಿಂದ ಊರಿನ ಕ್ಯಾನ್ಸರ್ ರೋಗಿಗಳ ನೋಂದಣಿ ಇಟ್ಟುಕೊಂಡು ಬಂದ ಸಂಸ್ಥೆ. ಎಲ್ಲಿಗೆ ಹೋದರೂ ಮೊದಲು ಪತ್ರ ಬರೆದು ಕೇಳು: ನನ್ನ ಹಣ ಕಟ್ಟಡಕ್ಕೋ, ರೋಗಿಗಳ ನೆರವಿಗೋ, ಸಂಶೋಧನೆಗೋ? ಸಂಶೋಧನೆಗಾದರೆ ಯಾವ ಪರೀಕ್ಷೆಗೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ? ಹಿಂದೆ ಕೈಗೊಂಡು ಸೋತ ಪರೀಕ್ಷೆಗಳ ಫಲಿತಾಂಶವನ್ನೂ ಪ್ರಕಟಿಸಿದ್ದೀರಾ? ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕುವ ಕಡೆ ಹಣ ಕೊಡಬೇಡ. ರಸೀದಿ ಕೇಳಲು ನಾಚಿಕೆ ಬೇಡ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ದಾನಕ್ಕೆ ತೆರಿಗೆ ವಿನಾಯಿತಿ ಸಿಗದು ಎಂಬುದೂ ನೆನಪಿರಲಿ.

ಇನ್ನೊಂದು ಮಾತು ಅಪ್ಪನದು. ಟ್ರಯಲ್ ಎಂದರೆ ರೋಗಿಗಳ ಮೇಲೆ ಪ್ರಯೋಗ, ಪಾಪದ ಕೆಲಸ ಎಂಬ ಭಯ ಅವರಿಗಿದೆ. ಬಡವರ ಅರಿವಿಗೆ ಬಾರದೆ ಔಷಧಿ ಪರೀಕ್ಷಿಸಿದ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದಿದವರು, ತಪ್ಪೇನಿಲ್ಲ. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಗೆ ಎಲ್ಲವನ್ನೂ ತಿಳಿಸಿ ಬರವಣಿಗೆಯಲ್ಲಿ ಸಮ್ಮತಿ ಪಡೆಯಬೇಕು, ಹಾನಿಯಾದರೆ ಪರಿಹಾರ ಕೊಡಬೇಕು. ಕ್ಯಾನ್ಸರಿಗೆ ಒಳ್ಳೆಯ ಚಿಕಿತ್ಸೆ ಈಗಾಗಲೇ ಇದ್ದರೆ ಅದನ್ನು ತಪ್ಪಿಸಿ ಯಾರಿಗೂ ಸಕ್ಕರೆ ಗುಳಿಗೆ ಕೊಡುವುದಿಲ್ಲ. ಇಷ್ಟನ್ನು ನೀನೇ ಅವರ ಪಕ್ಕ ಕೂತು ಹೇಳು. ಹೆಂಡತಿಯ ಹೆಸರಿನಲ್ಲಿ ಹೋಗುವ ಹಣ; ಅವರ ಒಪ್ಪಿಗೆಯಿಲ್ಲದೆ ಹೋಗಬಾರದು.

ಅಮ್ಮನ ಫೈಲು, ಸ್ಕ್ಯಾನು, ಬಯಾಪ್ಸಿ ವರದಿಗಳನ್ನು ವರ್ಷಾಂತಿಕದ ಸ್ವಚ್ಛತೆಯಲ್ಲಿ ರದ್ದಿಗೆ ಹಾಕಬೇಡ. ನಾಳೆ ನಿನ್ನ ತಪಾಸಣೆಗೆ ಹೋದಾಗ ವೈದ್ಯರು ಮೊದಲು ಕೇಳುವುದು ಅದನ್ನೇ, ಮತ್ತು ನೀನು ಆ ತಪಾಸಣೆಗೆ ಹೋಗಲೇಬೇಕು.

ಐದು ವರ್ಷದ ಕಂತಿನಲ್ಲಿ ಒಂದು ನನ್ನದಿರಲಿ. ಅಣ್ಣನಾಗಿ ಅಷ್ಟು ಹಕ್ಕು ನನಗಿದೆ. ಸಂಸ್ಥೆಯಿಂದ ಉತ್ತರ ಬಂದ ಕೂಡಲೇ ಅದರ ಪ್ರತಿ ಕಳಿಸು.

ನಿನ್ನ ಮಾವ